ಟ್ರಾಫಿಕ್ ಸಿಗ್ನಲ್‌ಗಳನ್ನು ಒಂದಕ್ಕೊಂದು ಹೊಂದಿಸುವುದು ಹೇಗೆ? ಅಳತೆಯಿಂದ ಗ್ರೀನ್ ವೇವ್‌ವರೆಗೆ ಸಮಗ್ರ ಮಾರ್ಗದರ್ಶಿ

ಒಂದು ಸಿಗ್ನಲ್‌ನಲ್ಲಿ ಹಸಿರು ಸಿಕ್ಕಿತು ಅಂತ ಹೊರಟರೆ, ಮುಂದಿನದು ಸರಿಯಾಗಿ ನಾವು ತಲುಪುವ ಹೊತ್ತಿಗೆ ಕೆಂಪಾಗುತ್ತದೆ. ಅದರ ಮುಂದಿನದೂ ಅಷ್ಟೇ. ಬೇಕಂತಲೇ ಹೀಗೆ ಮಾಡಿಟ್ಟಿದ್ದಾರೇನೋ ಅನ್ನಿಸುತ್ತದೆ, ಅಲ್ವಾ? ಯಾರೂ ಬೇಕಂತ ಮಾಡಿರುವುದಿಲ್ಲ. ಒಂದೊಂದು ಸಿಗ್ನಲ್ಲೂ ತನ್ನ ಜಂಕ್ಷನ್ನಿನ ಲೆಕ್ಕದಲ್ಲಿ ಸರಿಯಾಗಿಯೇ ಓಡುತ್ತಿರಬಹುದು. ಪಕ್ಕದ ಸಿಗ್ನಲ್ ಏನು ಮಾಡುತ್ತಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ.

ಇದನ್ನು ಸರಿಪಡಿಸಬೇಕು ಅಂದ ತಕ್ಷಣ ಕ್ಯಾಮೆರಾ, ಸೆನ್ಸಾರ್, ಎಐ ಅಂತ ಮಾತು ಶುರುವಾಗುತ್ತದೆ. ಅವೆಲ್ಲ ಉಪಯೋಗಕ್ಕೆ ಬರುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1917ರಲ್ಲೇ ಆರು ಜಂಕ್ಷನ್‌ಗಳ ಸಿಗ್ನಲ್‌ಗಳನ್ನು ತಂತಿಯಿಂದ ಜೋಡಿಸಿ, ಒಂದೇ ಕಡೆ ಕೂತು ಕೈಯಲ್ಲಿ ಸ್ವಿಚ್ ಹಾಕಿ ನಡೆಸುತ್ತಿದ್ದರು. ಆಗ ಕಂಪ್ಯೂಟರ್ ಇರಲಿಲ್ಲ. ಈ ಕೆಲಸದಲ್ಲಿ ಸಿಗುವ ಲಾಭದ ದೊಡ್ಡ ಪಾಲು ಮೂರೇ ಸಂಗತಿಗಳಿಂದ ಬರುತ್ತದೆ: ಎಲ್ಲ ಸಿಗ್ನಲ್‌ಗಳಿಗೂ ಒಂದೇ ಸೈಕಲ್, ಸರಿಯಾದ ಆಫ್‌ಸೆಟ್, ತಪ್ಪದ ಗಡಿಯಾರ. ಈ ಮೂರು ಸರಿ ಇಲ್ಲದ ಕಡೆ ಎಷ್ಟು ಕ್ಯಾಮೆರಾ ಹಾಕಿದರೂ ಸುಮ್ನೆ ಖರ್ಚು.

ಮೊದಲು ನಾಲ್ಕು ಪದ

ಹಸಿರು ಶುರುವಾಗಿ, ಎಲ್ಲ ದಿಕ್ಕಿಗೂ ಸರದಿ ಮುಗಿದು, ಮತ್ತೆ ಅದೇ ಹಸಿರು ಬರುವವರೆಗಿನ ಸಮಯವೇ ಸೈಕಲ್. ಒಟ್ಟಿಗೆ ಹಸಿರು ಪಡೆಯುವ ದಿಕ್ಕುಗಳ ಗುಂಪು ಒಂದು ಫೇಸ್. ಸೈಕಲ್‌ನಲ್ಲಿ ಯಾವ ಫೇಸ್‌ಗೆ ಎಷ್ಟು ಪಾಲು ಎಂಬುದು ಸ್ಪ್ಲಿಟ್. ಒಂದನೇ ಸಿಗ್ನಲ್‌ನಲ್ಲಿ ಹಸಿರು ಬಂದು ಎಷ್ಟು ಸೆಕೆಂಡಿಗೆ ಮುಂದಿನ ಸಿಗ್ನಲ್‌ನಲ್ಲಿ ಹಸಿರು ಬರಬೇಕು ಎಂಬುದು ಆಫ್‌ಸೆಟ್. ಜೋಡಣೆಯ ಜೀವ ಇರುವುದು ಈ ನಾಲ್ಕನೆಯದರಲ್ಲಿ.

ಹಂತ 1: ಯಾವ ಸಿಗ್ನಲ್‌ಗಳನ್ನು ಜೋಡಿಸಬೇಕು?

ಊರಿನ ಎಲ್ಲ ಸಿಗ್ನಲ್‌ಗಳನ್ನೂ ಒಂದೇ ಏಟಿಗೆ ಜೋಡಿಸಲು ಹೋಗಬೇಡಿ. ಒಂದು ಮುಖ್ಯ ರಸ್ತೆ, ಅದರ ಮೇಲೆ ಐದಾರು ಸಿಗ್ನಲ್. ಶುರು ಮಾಡಲು ಅಷ್ಟು ಸಾಕು.

ಹಸಿರು ಬಂದಾಗ ವಾಹನಗಳು ಗುಂಪಾಗಿ ಹೊರಡುತ್ತವೆ. ದೂರ ಹೋದ ಹಾಗೆಲ್ಲ ಗುಂಪು ಚದುರುತ್ತದೆ. ವೇಗವಾಗಿ ಹೋಗುವವರು ಮುಂದೆ, ನಿಧಾನದವರು ಹಿಂದೆ, ನಡುವೆ ಗಲ್ಲಿಗಳಿಂದ ಬಂದು ಸೇರುವವರು ಬೇರೆ. ಸಿಗ್ನಲ್‌ಗಳ ನಡುವೆ ಸುಮಾರು 800 ಮೀಟರ್‌ವರೆಗೆ ಅಂತರ ಇದ್ದರೆ ಜೋಡಣೆಗೆ ಅರ್ಥ ಇರುತ್ತದೆ. ಅದಕ್ಕಿಂತ ದೂರ ಇದ್ದು, ನಡುವೆ ಪಾರ್ಕಿಂಗ್, ಬಸ್ ಸ್ಟಾಪ್, ಯು ಟರ್ನ್ ಎಲ್ಲ ಇದ್ದರೆ ಗುಂಪು ಗುಂಪಾಗಿ ಉಳಿಯುವುದೇ ಇಲ್ಲ. ಅಂಥ ಜಾಗದಲ್ಲಿ ಸಿಗ್ನಲ್‌ಗಳ ಗುಂಪನ್ನು ಎರಡಾಗಿ ಮುರಿಯುವುದು ಜಾಣತನ.

ಹಂತ 2: ರಸ್ತೆಬದಿಯಲ್ಲಿ ನಿಂತು ಅಳೆಯಿರಿ

ಇಡೀ ಕೆಲಸದಲ್ಲಿ ಜನ ಅತಿ ಬೇಗ ಮುಗಿಸಿಬಿಡುವ ಹಂತ ಇದು. ಆಮೇಲೆ ಪೆಟ್ಟು ಬೀಳುವುದೂ ಇದರಿಂದಲೇ.

ಮೊದಲ ಅಳತೆ, ಹಸಿರಿನಲ್ಲಿ ವಾಹನಗಳು ಎಷ್ಟು ಬೇಗ ದಾಟುತ್ತವೆ ಎಂಬುದು. ಸ್ಟಾಪ್ ಲೈನ್ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಲ್ಲಿ. ಒಂದು ಲೇನ್ ಆರಿಸಿಕೊಳ್ಳಿ. ಹಸಿರು ಬಂದಾಗ ಮೊದಲ ನಾಲ್ಕು ವಾಹನಗಳನ್ನು ಬಿಟ್ಟುಬಿಡಿ, ಏಕೆಂದರೆ ಅವು ಗೇರ್ ಹಾಕಿ ಹೊರಡಲು ಸಮಯ ತಿನ್ನುತ್ತವೆ. ನಾಲ್ಕನೆಯದು ಗೆರೆ ದಾಟಿದಾಗ ವಾಚ್ ಒತ್ತಿ, ಹತ್ತನೆಯದು ದಾಟಿದಾಗ ನಿಲ್ಲಿಸಿ, ಬಂದದ್ದನ್ನು ಆರರಿಂದ ಭಾಗಿಸಿ. ಹನ್ನೆರಡು ಸೆಕೆಂಡ್ ಬಂದರೆ ವಾಹನಕ್ಕೆ 2 ಸೆಕೆಂಡ್, ಅಂದರೆ ಬರೀ ಹಸಿರೇ ಇದ್ದರೆ ಗಂಟೆಗೆ ಒಂದು ಲೇನ್‌ನಲ್ಲಿ 1,800 ಕಾರು. ಒಳ್ಳೆಯ ರಸ್ತೆಯಲ್ಲಿ 1,900ರ ತನಕ ಹೋಗುತ್ತದೆ. ಇದಕ್ಕೆ ಸ್ಯಾಚುರೇಷನ್ ಫ್ಲೋ ಅನ್ನುತ್ತಾರೆ. ಬೈಕು, ಆಟೊ, ಬಸ್ಸು ಎಲ್ಲ ಬೆರೆತು, ಲೇನ್ ಎಂಬುದೇ ಇಲ್ಲದ ಕಡೆ ಈ ವಿಧಾನ ನಡೆಯುವುದಿಲ್ಲ. ಅಲ್ಲಿ ರಸ್ತೆಯ ಇಡೀ ಅಗಲದಲ್ಲಿ, ಸಾಲು ಖಾಲಿಯಾಗದೆ ಹರಿಯುತ್ತಿರುವ ಹತ್ತು ಸೆಕೆಂಡಿನ ತುಂಡುಗಳಲ್ಲಿ ದಾಟಿದ್ದನ್ನೆಲ್ಲ ಎಣಿಸಿ ಕಾರಿನ ಲೆಕ್ಕಕ್ಕೆ (ಒಂದು ಬಸ್ಸು, ಒಂದು ಬೈಕು ಎಷ್ಟು ಕಾರಿಗೆ ಸಮ ಅಂತ) ತನ್ನಿ. ಪುಸ್ತಕದ ಅಂಕಿ ಹಾಕಿ ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ಎರಡನೆಯದು, ಎಷ್ಟು ವಾಹನ ಬರುತ್ತವೆ ಎಂಬುದು. ಹದಿನೈದು ನಿಮಿಷದ ತುಂಡುಗಳಲ್ಲಿ ಎಣಿಸಿ, ತಿರುಗುವವರನ್ನು ಬೇರೆ ಬರೆದುಕೊಳ್ಳಿ. ಇಲ್ಲೊಂದು ಗುಟ್ಟಿದೆ. ಸಾಲು ಪೂರ್ತಿ ಕರಗದ ಜಂಕ್ಷನ್ನಿನಲ್ಲಿ ಸ್ಟಾಪ್ ಲೈನ್ ಬಳಿ ಎಣಿಸಿದರೆ ಸಿಗುವುದು ಸಿಗ್ನಲ್ ಎಷ್ಟು ಬಿಟ್ಟಿತು ಎಂಬ ಲೆಕ್ಕ. ಎಷ್ಟು ಜನ ಬಂದರು ಎಂಬುದಲ್ಲ. ಬಂದವರನ್ನು ತಿಳಿಯಬೇಕಾದರೆ ಸಾಲಿನ ಬಾಲದ ಹಿಂದೆ ಹೋಗಿ ನಿಂತು ಎಣಿಸಬೇಕು.

ಮೂರನೆಯದು, ಒಂದು ಸಿಗ್ನಲ್‌ನಿಂದ ಇನ್ನೊಂದಕ್ಕೆ ಸ್ಟಾಪ್ ಲೈನ್‌ನಿಂದ ಸ್ಟಾಪ್ ಲೈನ್‌ಗೆ ದೂರ, ಮತ್ತು ಗುಂಪಿನೊಳಗೆ ಸೇರಿಕೊಂಡು ಹೋದಾಗ ನಿಜವಾಗಿ ಹಿಡಿಯುವ ಸಮಯ. ಬೋರ್ಡಿನಲ್ಲಿ 50 ಕಿ.ಮೀ. ಅಂತ ಬರೆದಿರಬಹುದು. ಗುಂಪು 36ರಲ್ಲಿ ಹೋಗುತ್ತಿದ್ದರೆ ನಿಮ್ಮ ಲೆಕ್ಕಕ್ಕೆ 36 ಹಿಡಿಯಿರಿ.

ಹಂತ 3: ಎಲ್ಲಕ್ಕೂ ಒಂದೇ ಸೈಕಲ್

ಒಂದು ಸಿಗ್ನಲ್ 90 ಸೆಕೆಂಡಿನದು, ಪಕ್ಕದ್ದು 100ರದು ಅಂದುಕೊಳ್ಳಿ. ಈ ಸುತ್ತಿನಲ್ಲಿ ಹೊಂದಿದರೂ ಮುಂದಿನ ಸುತ್ತಿನಲ್ಲಿ 10 ಸೆಕೆಂಡ್ ಜಾರುತ್ತದೆ, ಅದರ ಮುಂದಿನದರಲ್ಲಿ 20. ಹಾಗಾಗಿ ಗುಂಪಿನ ಎಲ್ಲ ಸಿಗ್ನಲ್‌ಗಳಿಗೂ ಒಂದೇ ಸೈಕಲ್ ಇರಬೇಕು. ಸಣ್ಣ ಜಂಕ್ಷನ್ ಇದ್ದರೆ ಅದನ್ನು ಸರಿಯಾಗಿ ಅರ್ಧ ಸೈಕಲ್‌ನಲ್ಲಿ ಓಡಿಸಬಹುದು.

ಎಷ್ಟು ಸೆಕೆಂಡ್? ಬ್ರಿಟನ್ನಿನ ರೋಡ್ ರಿಸರ್ಚ್ ಲ್ಯಾಬೊರೇಟರಿಯ ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರ ಇಂದಿಗೂ ಒಳ್ಳೆಯ ಶುರು. ಪ್ರತಿ ಫೇಸ್‌ಗೂ ಹೊರಡುವುದರಲ್ಲಿ, ನಿಲ್ಲಿಸುವುದರಲ್ಲಿ ಸುಮಾರು 4 ಸೆಕೆಂಡ್ ಪೋಲಾಗುತ್ತದೆ. ನಾಲ್ಕು ಫೇಸ್ ಇದ್ದರೆ 16. ಇದನ್ನು ಒಂದೂವರೆಯಿಂದ ಗುಣಿಸಿ 5 ಕೂಡಿಸಿ: 29. ಈಗ ಪ್ರತಿ ಫೇಸ್‌ನಲ್ಲೂ ಅತಿ ಹೆಚ್ಚು ಒತ್ತಡದ ಲೇನ್‌ಗೆ ಬರುವ ವಾಹನಗಳನ್ನು ಅದರ ಸ್ಯಾಚುರೇಷನ್ ಫ್ಲೋದಿಂದ ಭಾಗಿಸಿ, ಎಲ್ಲ ಫೇಸ್‌ಗಳದ್ದನ್ನೂ ಕೂಡಿಸಿ. 0.65 ಬಂತು ಅನ್ನಿ. ಒಂದರಿಂದ ಅದನ್ನು ಕಳೆದರೆ 0.35. 29ನ್ನು 0.35ರಿಂದ ಭಾಗಿಸಿದರೆ ಸುಮಾರು 83 ಸೆಕೆಂಡ್. ಗುಂಪಿನಲ್ಲಿ ಅತಿ ಹೆಚ್ಚು ಒತ್ತಡ ಇರುವ ಜಂಕ್ಷನ್ನಿಗೆ ಈ ಲೆಕ್ಕ ಹಾಕಿ, ಅದನ್ನೇ ಎಲ್ಲರಿಗೂ ಆಧಾರ ಮಾಡಿಕೊಳ್ಳಿ. ಮೊತ್ತ 0.9ರ ಆಸುಪಾಸಿಗೆ ಹೋದರೆ ಸೂತ್ರ 290 ಸೆಕೆಂಡ್ ಅನ್ನುತ್ತದೆ. ಆಗ ಸೂತ್ರವನ್ನು ನಂಬಬೇಡಿ. ಸಮಸ್ಯೆ ಟೈಮಿಂಗ್‌ನದ್ದಲ್ಲ, ಜಂಕ್ಷನ್ನಿನ ಅಗಲದ್ದೋ ಫೇಸ್‌ಗಳ ಸಂಖ್ಯೆಯದ್ದೋ ಅಂತ ಅರ್ಥ.

ವೆಬ್‌ಸ್ಟರ್ ಹೇಳಿದ ಇನ್ನೊಂದು ಮಾತು ನಮಗೆ ಸೂತ್ರಕ್ಕಿಂತ ಹೆಚ್ಚು ಬೇಕಾದದ್ದು. ಲೆಕ್ಕಕ್ಕೆ ಬಂದ ಸೈಕಲ್‌ನ ಮುಕ್ಕಾಲಿನಿಂದ ಒಂದೂವರೆ ಪಟ್ಟಿನವರೆಗೆ ಎಲ್ಲಿ ಇಟ್ಟುಕೊಂಡರೂ ಕಾಯುವ ಸಮಯ ಅಷ್ಟೇನೂ ಕೆಡುವುದಿಲ್ಲ. ಅಂದರೆ 83 ಬಂದರೆ 80 ಇಡಬಹುದು, 90 ಇಡಬಹುದು. ಆ ಸ್ವಾತಂತ್ರ್ಯವನ್ನು ಜೋಡಣೆಗೆ ಬಳಸಿಕೊಳ್ಳಬೇಕು. ಹೇಗೆ ಅನ್ನುವುದು ಹಂತ 5ರಲ್ಲಿ ಬರುತ್ತದೆ.

ಟ್ರಾಫಿಕ್ ಜಾಸ್ತಿ ಆದ ಕೂಡಲೇ ಸೈಕಲ್ ಉದ್ದ ಮಾಡುವುದು ಎಲ್ಲ ಕಡೆ ಇರುವ ಚಟ. 16 ಸೆಕೆಂಡ್ ಪೋಲಾಗುವ ಜಂಕ್ಷನ್ನಿನಲ್ಲಿ 80ರ ಸೈಕಲ್ ಅಂದರೆ ಶೇ. 80 ಸಮಯ ಉಪಯೋಗಕ್ಕೆ ಬರುತ್ತದೆ. 120 ಮಾಡಿದರೆ ಶೇ. 87. ಏಳು ಪರ್ಸೆಂಟಿಗಾಗಿ ಎಲ್ಲರ ಕೆಂಪನ್ನೂ ಉದ್ದ ಮಾಡಿದ ಹಾಗಾಯಿತು. ಉದ್ದ ಕೆಂಪು ಅಂದರೆ ಉದ್ದ ಸಾಲು. ಸಾಲು ಹಿಂದಿನ ಜಂಕ್ಷನ್ನಿಗೆ ಮುಟ್ಟಿತೋ, ಗಳಿಸಿದ್ದೆಲ್ಲ ಅಲ್ಲೇ ಹೋಯಿತು. ತಾಳ್ಮೆ ಕೆಟ್ಟ ಪಾದಚಾರಿಗಳು ಕೆಂಪಿನಲ್ಲೇ ನುಗ್ಗುವುದು ಬೇರೆ.

ಹಂತ 4: ಹಸಿರಿನ ಪಾಲು

ಪೋಲಾಗುವ ಸೆಕೆಂಡ್ ಕಳೆದು ಉಳಿದದ್ದನ್ನು ಒತ್ತಡದ ಅನುಪಾತದಲ್ಲಿ ಹಂಚಿ. ಹಂಚಿದ ಮೇಲೆ ಪಾದಚಾರಿಗಳ ಲೆಕ್ಕ ಸರಿಹೋಗುತ್ತದೆಯೇ ನೋಡಿ. 14 ಮೀಟರ್ ಅಗಲದ ಮುಖ್ಯ ರಸ್ತೆಯನ್ನು ಸೆಕೆಂಡಿಗೆ 1.2 ಮೀಟರ್ ನಡಿಗೆಯಲ್ಲಿ ದಾಟಲು 12 ಸೆಕೆಂಡ್ ಬೇಕು. ನೋಡಿ ಹೆಜ್ಜೆ ಇಡಲು ಒಂದು 7 ಸೆಕೆಂಡ್. ಒಟ್ಟು 19. ವಯಸ್ಸಾದವರು ಜಾಸ್ತಿ ಓಡಾಡುವ ಕಡೆ ನಡಿಗೆಯನ್ನು ಸೆಕೆಂಡಿಗೆ 1 ಮೀಟರ್ ಅಂತಲೇ ಹಿಡಿಯಿರಿ. ಜನ ಮುಖ್ಯ ರಸ್ತೆಯನ್ನು ದಾಟುವುದು ಸಾಮಾನ್ಯವಾಗಿ ಅಡ್ಡರಸ್ತೆಗೆ ಹಸಿರು ಇದ್ದಾಗ. ಅಡ್ಡರಸ್ತೆಯಲ್ಲಿ ವಾಹನ ಕಡಿಮೆ ಅಂತ ಅದಕ್ಕೆ 12 ಸೆಕೆಂಡ್ ಕೊಟ್ಟರೆ, ನಡೆದು ಹೋಗುವವರು ನಡುರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹಳದಿ ಮತ್ತು ಎಲ್ಲ ಕಡೆ ಕೆಂಪು ಇರುವ ಒಂದೆರಡು ಸೆಕೆಂಡಿನಲ್ಲಿ ಜಿಪುಣತನ ಮಾಡಲೇಬೇಡಿ.

ಹಂತ 5: ಆಫ್‌ಸೆಟ್ ಲೆಕ್ಕ

ಇಲ್ಲಿ ಒಂದು ಉದಾಹರಣೆ ಹಿಡಿದು ಪೂರ್ತಿ ಮಾಡಿಬಿಡೋಣ. ಐದು ಸಿಗ್ನಲ್, ನಡುವಿನ ಅಂತರ 350, 450, 200, 600 ಮೀಟರ್. ಗುಂಪಿನ ವೇಗ 36 ಕಿ.ಮೀ., ಅಂದರೆ ಸೆಕೆಂಡಿಗೆ ಸರಿಯಾಗಿ 10 ಮೀಟರ್. ಹಾಗಾಗಿ ಪ್ರಯಾಣದ ಸಮಯ 35, 45, 20, 60 ಸೆಕೆಂಡ್. ಮುಖ್ಯ ರಸ್ತೆಗೆ ಸೈಕಲ್‌ನ ಅರ್ಧ ಹಸಿರು ಸಿಗುತ್ತದೆ ಅಂತಿಟ್ಟುಕೊಳ್ಳಿ.

ಒಂದೇ ದಿಕ್ಕಿಗೆ ಗ್ರೀನ್ ವೇವ್, ಅಂದರೆ ಒಂದಾದ ಮೇಲೊಂದು ಸಿಗ್ನಲ್‌ನಲ್ಲಿ ಹಸಿರೇ ಸಿಗುತ್ತಾ ಹೋಗುವ ಅಲೆ, ಬೇಕಿದ್ದರೆ ಲೆಕ್ಕ ಬಲು ಸುಲಭ. ಸಮಯಗಳನ್ನು ಕೂಡಿಸುತ್ತಾ ಹೋಗಿ: 0, 35, 80, 100, 160. ಸೈಕಲ್ 90 ಆದರೆ, 90 ದಾಟಿದ್ದರಲ್ಲಿ 90 ಕಳೆಯಿರಿ. ಆಫ್‌ಸೆಟ್‌ಗಳು 0, 35, 80, 10, 70. ಆ ದಿಕ್ಕಿನಲ್ಲಿ ಹೋಗುವವರಿಗೆ 45 ಸೆಕೆಂಡ್ ಹಸಿರೂ ಪೂರ್ತಿ ಸಿಗುತ್ತದೆ. ಆದರೆ ಎದುರು ದಿಕ್ಕಿನಿಂದ ಬರುವವರನ್ನು ನೋಡಿ. ಐದನೆಯದರಲ್ಲಿ 70ನೇ ಸೆಕೆಂಡಿಗೆ ಹಸಿರು ಸಿಕ್ಕಿ ಹೊರಟವನು ನಾಲ್ಕನೆಯದನ್ನು ಹೇಗೋ ದಾಟಿ, ಮೂರನೆಯದರಲ್ಲಿ 20 ಸೆಕೆಂಡ್ ನಿಲ್ಲುತ್ತಾನೆ. ಐದೂ ಸಿಗ್ನಲ್ ನಿಲ್ಲದೆ ದಾಟುವ ಕಿಂಡಿ ಆ ಕಡೆಯವರಿಗೆ ಒಂದು ಸೆಕೆಂಡೂ ಇಲ್ಲ. ಬೆಳಿಗ್ಗೆ ಎಲ್ಲರೂ ಒಂದೇ ಕಡೆ ಹೋಗುವ ರಸ್ತೆಗೆ ಇದು ಪರವಾಗಿಲ್ಲ. ಮಧ್ಯಾಹ್ನಕ್ಕೆ ನಡೆಯುವುದಿಲ್ಲ.

ಎರಡೂ ದಿಕ್ಕಿಗೆ ಸಮನಾಗಿ ಬೇಕಾದರೆ ಪ್ರತಿ ಆಫ್‌ಸೆಟ್ ಸೊನ್ನೆ ಇರಬೇಕು, ಇಲ್ಲವೇ ಅರ್ಧ ಸೈಕಲ್ ಇರಬೇಕು. ಎಲ್ಲ ಸಿಗ್ನಲ್‌ಗಳ ಹಸಿರೂ ಒಂದೇ ಉದ್ದ ಇದ್ದಾಗ ಹಸಿರಿನ ಶುರುವನ್ನೇ ಹೀಗೆ ಹೊಂದಿಸಿದರೆ ಸಾಕು. ಉದ್ದ ಬೇರೆ ಬೇರೆ ಇದ್ದರೆ ಹಸಿರಿನ ನಡುಭಾಗವನ್ನು ಹೊಂದಿಸಿ. 90ರ ಸೈಕಲ್‌ನಲ್ಲಿ ಎಲ್ಲ ಜೋಡಣೆಗಳನ್ನೂ ಕಾಗದದ ಮೇಲೆ ಹಾಕಿ ನೋಡಿದರೆ ಸಿಗುವ ಒಳ್ಳೆಯದು 0, 45, 0, 0, 0. ಎರಡೂ ಕಡೆಗೆ 15 ಸೆಕೆಂಡಿನ ಕಿಂಡಿ.

ಈಗ ಸೈಕಲ್ ಅನ್ನು 80ಕ್ಕೆ ಇಳಿಸಿ. ಆಫ್‌ಸೆಟ್ 0, 40, 0, 40, 0. ಎರಡೂ ಕಡೆಗೆ 20 ಸೆಕೆಂಡ್ ಸಿಗುತ್ತದೆ! ಹಸಿರು 45ರಿಂದ 40ಕ್ಕೆ ಇಳಿದಿದೆ, ಆದರೂ ನಿಲ್ಲದೆ ದಾಟುವ ಕಿಂಡಿ ಹಿಗ್ಗಿದೆ. ವಾಹನಕ್ಕೆ 2 ಸೆಕೆಂಡ್ ಹಿಡಿದರೆ 90ರಲ್ಲಿ ಗಂಟೆಗೆ ಲೇನ್‌ಗೆ ಸುಮಾರು 300 ವಾಹನ ಎಲ್ಲೂ ನಿಲ್ಲದೆ ಹೋಗಬಹುದಿತ್ತು, 80ರಲ್ಲಿ 450. ಕಾರಣ ಸರಳ. 10 ಮೀಟರ್ ವೇಗದಲ್ಲಿ 80ರ ಅರ್ಧಕ್ಕೆ, ಅಂದರೆ 40 ಸೆಕೆಂಡಿಗೆ 400 ಮೀಟರ್ ಆಗುತ್ತದೆ. 350, 450 ಅದರ ಹತ್ತಿರ ಇವೆ. ಕೊನೆಯ 200 ಮತ್ತು 600 ಸೇರಿ 800, ಅಂದರೆ ಅದರ ಎರಡು ಪಟ್ಟು. ಪ್ರತಿ ರಸ್ತೆಗೂ ಅದರ ಅಂತರಗಳಿಗೆ ಒಗ್ಗುವ ಸೈಕಲ್ ಒಂದಿರುತ್ತದೆ. 60ರಿಂದ 120ರವರೆಗೆ ಐದೈದು ಸೆಕೆಂಡ್ ಹೆಚ್ಚಿಸುತ್ತಾ ಹಾಕಿ ನೋಡಿದರೆ ಅದು ಎದ್ದು ಕಾಣುತ್ತದೆ. ಒಂದು ಕಡೆ ದೂರ, ಇನ್ನೊಂದು ಕಡೆ ಸಮಯ ಇಟ್ಟು ಗ್ರಾಫ್ ಹಾಳೆಯಲ್ಲಿ ಹಸಿರು ಪಟ್ಟಿ ಬರೆದು, ಸ್ಕೇಲ್ ಓರೆಯಾಗಿ ಇಟ್ಟರೆ ಕಣ್ಣಿಗೇ ಗೊತ್ತಾಗುತ್ತದೆ. ಸಾಫ್ಟ್‌ವೇರ್ ಇದ್ದರೂ ಒಂದು ಸಲ ಕೈಯಲ್ಲಿ ಮಾಡಿ ನೋಡಿ ಅಂತ ನನ್ನ ಸಲಹೆ.

ಲೆಕ್ಕಕ್ಕೆ ಎರಡು ತಿದ್ದುಪಡಿ ಬೇಕಾಗುತ್ತದೆ. ಮೊದಲನೆಯದು ನಿಂತ ಸಾಲು. ಅಡ್ಡರಸ್ತೆಯಿಂದ ತಿರುಗಿ ಬಂದವರು ನಾಲ್ಕನೇ ಸಿಗ್ನಲ್‌ನಲ್ಲಿ ಲೇನ್‌ಗೆ ಆರು ಜನ ನಿಂತಿದ್ದಾರೆ ಅನ್ನಿ. ಅವರು ಹೊರಡಲು 2 ಸೆಕೆಂಡ್, ದಾಟಲು 12, ಒಟ್ಟು 14 ಸೆಕೆಂಡ್ ಬೇಕು. ಹಿಂದಿನಿಂದ ಬರುವ ಗುಂಪು ಇವರ ಬೆನ್ನಿಗೆ ಬಂದು ನಿಲ್ಲಬಾರದು ಅಂದರೆ ಹಸಿರು ಗುಂಪು ತಲುಪುವ 14 ಸೆಕೆಂಡ್ ಮುಂಚೆಯೇ ಬರಬೇಕು. ದೂರವನ್ನು ವೇಗದಿಂದ ಭಾಗಿಸಿ ಕೈ ತೊಳೆದುಕೊಂಡ ಪ್ಲಾನ್‌ಗಳು ರಸ್ತೆಯಲ್ಲಿ ಸೋಲುವುದು ಹೆಚ್ಚಾಗಿ ಇಲ್ಲೇ.

ಎರಡನೆಯದು ತಿರುವಿನ ಫೇಸ್. ಎದುರು ಬರುವವರಿಗೆ ಅಡ್ಡವಾಗಿ ತಿರುಗುವವರ ಹಸಿರನ್ನು ಎರಡೂ ಕಡೆ ಮೊದಲೇ ಕೊಡಬೇಕೆಂದು ನಿಯಮವೇನಿಲ್ಲ. ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ ಕೊಟ್ಟರೆ ನೇರ ಹೋಗುವವರ ಹಸಿರು ಎರಡು ದಿಕ್ಕಿನಲ್ಲಿ ಬೇರೆ ಬೇರೆ ಹೊತ್ತಿಗೆ ಶುರುವಾಗುತ್ತದೆ. ಅಂತರ ಒಗ್ಗದ ಜಂಕ್ಷನ್ನಿನಲ್ಲಿ ಈ ಒಂದು ಬದಲಾವಣೆಯಿಂದಲೇ ಎರಡೂ ಕಡೆಯ ಕಿಂಡಿ ದೊಡ್ಡದಾಗಬಹುದು. ಪ್ರತ್ಯೇಕ ತಿರುವಿನ ಲೇನ್ ಮತ್ತು ಬಾಣದ ದೀಪ ಇರುವ ಕಡೆ ಮಾತ್ರ ಇದನ್ನು ಮಾಡಿ.

ಹಂತ 6: ಗಡಿಯಾರ

ಸಿಗ್ನಲ್‌ಗಳನ್ನು ಫೈಬರ್‌ನಿಂದ ಜೋಡಿಸಬಹುದು, ರೇಡಿಯೊದಿಂದ ಜೋಡಿಸಬಹುದು, ಮೊಬೈಲ್ ನೆಟ್‌ವರ್ಕ್ ಬಳಸಬಹುದು. ಇದ್ಯಾವುದೂ ಇಲ್ಲದೆ ಪ್ರತಿ ಕಂಟ್ರೋಲರ್‌ಗೆ (ಸಿಗ್ನಲ್ ನಡೆಸುವ ಪೆಟ್ಟಿಗೆಗೆ) ಒಂದು ಜಿಪಿಎಸ್ ಗಡಿಯಾರ ಹಾಕಿದರೂ ನಿಗದಿತ ಪ್ಲಾನ್ ಓಡುತ್ತದೆ, ಏಕೆಂದರೆ ಎಲ್ಲವೂ ಒಂದೇ ಸಮಯ ನೋಡಿ ತಮ್ಮ ಜಾಗ ಲೆಕ್ಕ ಹಾಕುತ್ತವೆ. ತಂತಿ ಬೇಕಾಗುವುದು ದೂರದಿಂದ ನೋಡಲು, ಪ್ಲಾನ್ ಬದಲಿಸಲು, ಕೆಟ್ಟದ್ದು ಗೊತ್ತಾಗಲು.

ದಿನಕ್ಕೆ ಒಂದೇ ಸೆಕೆಂಡ್ ತಪ್ಪುವ ಗಡಿಯಾರ ತಿಂಗಳಿಗೆ 30 ಸೆಕೆಂಡ್ ತಪ್ಪುತ್ತದೆ. ನಮ್ಮ ಉದಾಹರಣೆಯ 20 ಸೆಕೆಂಡಿನ ಕಿಂಡಿ ಮೂರು ವಾರದೊಳಗೆ ಮಾಯ. ಪ್ಲಾನ್ ಸರಿ ಇದ್ದರೂ "ಯಾಕೋ ಮೊದಲಿನ ಹಾಗಿಲ್ಲ" ಅಂತ ದೂರು ಬಂದರೆ ಮೊದಲು ಗಡಿಯಾರ ನೋಡಿ. ಇನ್ನೊಂದು ಮೋಸ ಹೋಗುವ ಜಾಗ ಇದೆ: ಕೆಲವು ಕಂಟ್ರೋಲರ್‌ಗಳು ಆಫ್‌ಸೆಟ್ ಅನ್ನು ಹಸಿರಿನ ಶುರುವಿನಿಂದ ಎಣಿಸುತ್ತವೆ, ಕೆಲವು ಹಸಿರಿನ ಕೊನೆಯಿಂದ. ಒಂದೇ ರಸ್ತೆಯಲ್ಲಿ ಎರಡು ಕಂಪನಿಯ ಪೆಟ್ಟಿಗೆ ಇದ್ದರೆ ಒಂದೇ ಅಂಕಿ ಹಾಕಿದರೂ ಸಿಗ್ನಲ್‌ಗಳು ಬೇರೆ ಬೇರೆ ನಡೆದುಕೊಳ್ಳುತ್ತವೆ.

ಹಂತ 7: ಹೊತ್ತಿಗೆ ತಕ್ಕ ಪ್ಲಾನ್

ಬೆಳಗಿನ ದಟ್ಟಣೆಗೆ ಒಂದು, ನಡುಹಗಲಿಗೆ ಒಂದು, ಸಂಜೆಗೆ ಒಂದು, ರಾತ್ರಿಗೆ ಚಿಕ್ಕ ಸೈಕಲ್‌ನದು ಒಂದು, ರಜಾದಿನಕ್ಕೆ ಒಂದು. ಶುರುವಿಗೆ ಇಷ್ಟು ಧಾರಾಳ. ಒಂದು ಪ್ಲಾನ್‌ನಿಂದ ಇನ್ನೊಂದಕ್ಕೆ ಹೋಗುವಾಗ ಸಿಗ್ನಲ್‌ಗಳು ಕೆಲವು ಸೈಕಲ್‌ಗಳನ್ನು ಉದ್ದ, ಗಿಡ್ಡ ಮಾಡಿಕೊಂಡು ಹೊಸ ಆಫ್‌ಸೆಟ್‌ಗೆ ಬರುತ್ತವೆ. ಆ ಹೊತ್ತಿನಲ್ಲಿ ಹೊಂದಾಣಿಕೆ ಇರುವುದಿಲ್ಲ. ಹದಿನೈದು ನಿಮಿಷಕ್ಕೊಂದು ಪ್ಲಾನ್ ಇಟ್ಟರೆ ರಸ್ತೆ ಯಾವಾಗಲೂ ಬದಲಾವಣೆಯಲ್ಲೇ ಇರುತ್ತದೆ. ದಟ್ಟಣೆ ಶುರುವಾದ ಮೇಲಲ್ಲ, ಅದಕ್ಕೆ ಸ್ವಲ್ಪ ಮುಂಚೆ ಬದಲಿಸಿ.

ಹಂತ 8: ರಸ್ತೆಗಿಳಿದು ನೋಡಿ

ಪ್ಲಾನ್ ಹಾಕುವ ಮೊದಲು ಮತ್ತು ಆಮೇಲೆ, ಒಂದೇ ವಾರದ ದಿನ, ಒಂದೇ ಹೊತ್ತಿಗೆ, ಎರಡೂ ದಿಕ್ಕಿನಲ್ಲಿ ಗುಂಪಿನ ಜೊತೆ ಹಲವು ಸಲ ಗಾಡಿ ಓಡಿಸಿ. ಒಟ್ಟು ಸಮಯ, ನಿಂತ ಸಲಗಳು, ಎರಡನ್ನೂ ಬರೆಯಿರಿ. ಆಮೇಲೆ ಪ್ರತಿ ಸಿಗ್ನಲ್ ಪಕ್ಕ ನಿಂತು ಗುಂಪಿನ ತಲೆ ಯಾವಾಗ ಬರುತ್ತದೆ ನೋಡಿ. ಮುಂದಿನವರು ಬ್ರೇಕ್ ಒತ್ತಿದ ಮೇಲೆ ಹಸಿರು ಬಂದರೆ ಆಫ್‌ಸೆಟ್ ಎರಡು ಮೂರು ಸೆಕೆಂಡ್ ಕಡಿಮೆ ಮಾಡಿ. ಹಸಿರು ಬಂದು ಖಾಲಿ ರಸ್ತೆ ನೋಡುತ್ತಾ ಕೂತಿದ್ದರೆ ಜಾಸ್ತಿ ಮಾಡಿ. ಅಡ್ಡರಸ್ತೆಯಲ್ಲಿ ಕಾಯುವವರನ್ನೂ ಅಳೆಯಲೇಬೇಕು. ಅವರ ಹೊಟ್ಟೆಗೆ ಹೊಡೆದು ಮುಖ್ಯ ರಸ್ತೆಯಲ್ಲಿ ಉಳಿಸಿದ ನಿಮಿಷ ಉಳಿತಾಯವಲ್ಲ.

ದಟ್ಟಣೆ ಮಿತಿ ಮೀರಿದಾಗ

ಇಲ್ಲಿ ಗ್ರೀನ್ ವೇವ್ ಮರೆತುಬಿಡಿ. 200 ಮೀಟರ್ ರಸ್ತೆಯಲ್ಲಿ ಕಾರಿಗೆ 7 ಮೀಟರ್ ಹಿಡಿದರೆ ಲೇನ್‌ಗೆ 28 ಕಾರು ತುಂಬುತ್ತವೆ. ಅದು ತುಂಬಿದ ಮೇಲೆ ಹಿಂದಿನ ಸಿಗ್ನಲ್ ಹಸಿರು ಕೊಟ್ಟರೆ ವಾಹನಗಳು ಜಂಕ್ಷನ್ ನಡುವೆ ಬಂದು ನಿಲ್ಲುತ್ತವೆ, ಅಡ್ಡ ಹೋಗುವವರೂ ಸಿಕ್ಕಿಕೊಳ್ಳುತ್ತಾರೆ. ಆಗ ಆಫ್‌ಸೆಟ್ ಅನ್ನು ತಿರುಗಿಸಬೇಕು. ಮುಂದಿನ ಸಿಗ್ನಲ್‌ಗೆ ಮೊದಲು ಹಸಿರು, ಹಿಂದಿನದಕ್ಕೆ ಆಮೇಲೆ. ನಿಂತ ಸಾಲಿನಲ್ಲಿ ಹೊರಡುವ ಅಲೆ ಹಿಂದಕ್ಕೆ ಸೆಕೆಂಡಿಗೆ ಸುಮಾರು 5 ಮೀಟರ್ ಸಾಗುತ್ತದೆ. 200 ಮೀಟರ್ ಸಾಲಿನ ಬಾಲ ಅಲುಗಲು 40 ಸೆಕೆಂಡ್ ಬೇಕು. ಹಿಂದಿನ ಹಸಿರು ಅದಕ್ಕೆ ಹೊಂದಿಕೊಂಡು ಬಂದರೆ ಸಾಕು. ಇದಕ್ಕೂ ಬಗ್ಗದಿದ್ದರೆ, ಜಾಗ ಜಾಸ್ತಿ ಇರುವ ಹೊರಗಿನ ಸಿಗ್ನಲ್‌ನಲ್ಲೇ ಹಸಿರು ಕಡಿಮೆ ಮಾಡಿ ವಾಹನಗಳನ್ನು ತಡೆದು ಬಿಡಬೇಕಾಗುತ್ತದೆ. ಕಾಯುವುದಿದ್ದರೆ ಯಾರಿಗೂ ಅಡ್ಡಿಯಾಗದ ಕಡೆ ಕಾಯಲಿ.

ಬಸ್ಸು, ಬೈಸಿಕಲ್, ಆಂಬ್ಯುಲೆನ್ಸ್

ಬಸ್ಸು ಸ್ಟಾಪಿನಲ್ಲಿ ನಿಂತು ಹೋಗುತ್ತದೆ, ಕಾರಿನ ಅಲೆಗೆ ಅದು ಸಿಗುವುದಿಲ್ಲ. ಬಸ್ ಹತ್ತಿರ ಬಂದಾಗ ಹಸಿರನ್ನು ಕೆಲವು ಸೆಕೆಂಡ್ ಚಾಚುವುದು, ಇಲ್ಲವೇ ಬೇಗ ಕೊಡುವುದು, ಇಷ್ಟನ್ನು ಸಿಗ್ನಲ್‌ನ ಸೈಕಲ್ ಕೆಡಿಸದೆ ಮಾಡಬಹುದು. ಬೈಸಿಕಲ್ ಸವಾರರು ಜಾಸ್ತಿ ಇರುವ ರಸ್ತೆಯಲ್ಲಿ ಅಲೆಯ ವೇಗವನ್ನೇ ಅವರಿಗೆ ತಕ್ಕಂತೆ ಇಡಬಹುದು. ಕೋಪನ್‌ಹೇಗನ್‌ನಲ್ಲಿ ಗಂಟೆಗೆ 20 ಕಿ.ಮೀ. ವೇಗಕ್ಕೆ ಹೊಂದಿಸಿದ ಗ್ರೀನ್ ವೇವ್ ಇದೆ. ಆಂಬ್ಯುಲೆನ್ಸ್‌ಗೆ ದಾರಿ ಬಿಟ್ಟ ಮೇಲೆ ಸಿಗ್ನಲ್ ತನ್ನ ಆಫ್‌ಸೆಟ್‌ಗೆ ಮರಳಲು ಎಷ್ಟು ಸೈಕಲ್ ತೆಗೆದುಕೊಳ್ಳುತ್ತದೆ ಎಂಬುದನ್ನು ಪರೀಕ್ಷಿಸಿಡಿ.

ಅಡಾಪ್ಟಿವ್ ವ್ಯವಸ್ಥೆ ಯಾವಾಗ?

ನಿಗದಿತ ಪ್ಲಾನ್‌ಗಳನ್ನು ಕಂಪ್ಯೂಟರಿನಲ್ಲಿ ಹದ ಮಾಡುವ ಟ್ರಾನ್ಸಿಟ್ (TRANSYT) ಪ್ರೋಗ್ರಾಮ್ 1960ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಬಂತು. ರಸ್ತೆಯನ್ನು ನೋಡಿ ತಾನೇ ಬದಲಾಗುವ, ಅಂದರೆ ಅಡಾಪ್ಟಿವ್ ವ್ಯವಸ್ಥೆಯಾದ ಸ್ಕ್ಯಾಟ್ಸ್ 1970ರ ದಶಕದಲ್ಲಿ ಸಿಡ್ನಿಯಲ್ಲಿ ಬೆಳೆಯಿತು. ಬ್ರಿಟನ್ನಿನ ಅಂಥದ್ದೇ ವ್ಯವಸ್ಥೆ ಸ್ಕೂಟ್. ಸ್ಕ್ಯಾಟ್ಸ್ ಸ್ಟಾಪ್ ಲೈನ್ ಬಳಿಯ ಡಿಟೆಕ್ಟರ್ (ವಾಹನ ಗುರುತಿಸುವ ಸಾಧನ) ನೋಡುತ್ತದೆ. ಸ್ಕೂಟ್ ಡಿಟೆಕ್ಟರನ್ನು ಹಿಂದೆ ದೂರದಲ್ಲಿ ಇಟ್ಟು, ಬರುವ ಗುಂಪನ್ನು ಮೊದಲೇ ಗುರುತಿಸುತ್ತದೆ. ಲಾಸ್ ಏಂಜಲೀಸ್ 1984ರ ಒಲಿಂಪಿಕ್ಸ್ ಹೊತ್ತಿಗೆ ಶುರು ಮಾಡಿದ ಜೋಡಣೆ ಊರಿಡೀ ಮುಗಿದದ್ದು 2013ರಲ್ಲಿ. ಅವಸರದ ಕೆಲಸ ಅಲ್ಲ ಇದು.

ದಿನದಿಂದ ದಿನಕ್ಕೆ ಟ್ರಾಫಿಕ್ ತುಂಬಾ ಏರಿಳಿಯುವ ರಸ್ತೆಗೆ, ಸ್ಟೇಡಿಯಂ ಸುತ್ತಮುತ್ತಲಿಗೆ ಅಡಾಪ್ಟಿವ್ ಒಳ್ಳೆಯದು. ದಿನಾ ಒಂದೇ ಥರ ಇರುವ ರಸ್ತೆಗೆ ಒಳ್ಳೆಯ ನಿಗದಿತ ಪ್ಲಾನ್ ಸಾಕು ಎಂಬುದು ನನ್ನ ಅಭಿಪ್ರಾಯ. ರಸ್ತೆ ಅಗೆದು ಅದರಡಿ ಹೂತಿಟ್ಟ ಡಿಟೆಕ್ಟರ್ ತಂತಿ (ಲೂಪ್) ತುಂಡಾದರೆ, ಕ್ಯಾಮೆರಾ ಮೇಲೆ ಧೂಳು ಕೂತರೆ ಎಂಥ ವ್ಯವಸ್ಥೆಯೂ ಕೊನೆಗೆ ನಿಗದಿತ ಪ್ಲಾನ್‌ಗೇ ಬಂದು ನಿಲ್ಲುತ್ತದೆ. ಅದು ಹತ್ತು ವರ್ಷ ಹಳೆಯದಾಗಿದ್ದರೆ ಗತಿ ಏನು?

ನಿರ್ವಹಣೆ

3ರಿಂದ 5 ವರ್ಷಕ್ಕೊಮ್ಮೆ ಎಣಿಕೆಯಿಂದ ಶುರು ಮಾಡಿ ಪ್ಲಾನ್ ಹೊಸದಾಗಿ ಮಾಡಬೇಕು. ದಾರಿಯಲ್ಲಿ ದೊಡ್ಡ ಮಾಲ್, ಮೇಲ್ಸೇತುವೆ, ಶಾಲೆ ಬಂದರೆ ಅಷ್ಟು ಕಾಯುವ ಹಾಗಿಲ್ಲ. ಪ್ರತಿ ಕಂಟ್ರೋಲರ್ ಪೆಟ್ಟಿಗೆಯೊಳಗೆ ಸೈಕಲ್, ಸ್ಪ್ಲಿಟ್, ಆಫ್‌ಸೆಟ್, ಅದನ್ನು ಎಲ್ಲಿಂದ ಎಣಿಸಿದೆ, ಕೊನೆಯ ಸಲ ಬದಲಿಸಿದ ತಾರೀಖು ಬರೆದ ಒಂದು ಹಾಳೆ ಅಂಟಿಸಿಡಿ. ರಿಪೇರಿಗೆ ಬಂದವರು ಬೋರ್ಡ್ ಬದಲಿಸಿ ಕಂಪನಿಯ ಡೀಫಾಲ್ಟ್ ಟೈಮಿಂಗ್ ಬಿಟ್ಟು ಹೋಗುವುದು ಮಾಮೂಲು. ಹಾಳೆ ಇದ್ದರೆ ಅವರೇ ನೋಡಿ ಸರಿಯಾದ ಅಂಕಿ ಹಾಕುತ್ತಾರೆ. ವಿದ್ಯುತ್ ಹೋಗಿ ಬಂದ ಪ್ರತಿ ಸಲ ಕಂಟ್ರೋಲ್ ರೂಮಿನಿಂದ ಎಲ್ಲ ಸಿಗ್ನಲ್‌ಗಳ ಸಮಯ ಒಂದೇ ಇದೆಯೇ ಎಂದು ನೋಡುವ ಕೆಲಸವನ್ನು ಒಬ್ಬರ ಹೆಸರಿಗೆ ಹಚ್ಚಿ.